15 ವರ್ಷದ ಅನುಭವ ಸರಿ, ಯಾವ ಮಕ್ಕಳ ಜತೆ?

ಪ್ರತಿಭಾನ್ವಿತ ಮಕ್ಕಳನ್ನು ಪರೀಕ್ಷಿಸುವ ತಜ್ಞರ ಪರಿಚಯಗಳನ್ನು ನಾಲ್ಕೈದು ಓದಿದರೆ ಸಾಕು, ಆರನೆಯದರಲ್ಲಿ ಏನಿರುತ್ತದೆ ಅಂತ ಓದುವ ಮೊದಲೇ ಹೇಳಿಬಿಡಬಹುದು. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೊಂದು ಪಿಎಚ್.ಡಿ., ಇಷ್ಟು ವರ್ಷಗಳ ಅನುಭವ, ಇಂತಿಂಥ ಸಂಘಗಳ ಸದಸ್ಯತ್ವ. ಇದರಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಮಗುವನ್ನು ಕರೆದುಕೊಂಡು ಹೋಗುವ ಅಪ್ಪ ಅಮ್ಮನಿಗೆ ಗೊತ್ತಾಗಬೇಕಾದ ಸಂಗತಿಯೂ ಇರುವುದಿಲ್ಲ. 15 ವರ್ಷ ಅಂದರೆ ಯಾರ ಜತೆ ಕಳೆದ 15 ವರ್ಷ? ಮಕ್ಕಳ ಮನಶ್ಶಾಸ್ತ್ರಜ್ಞರ ಹತ್ತಿರ ಬರುವವರಲ್ಲಿ ಹೆಚ್ಚಿನವರು ಏನೋ ತೊಂದರೆಯಿಂದ ಬರುತ್ತಾರೆ. ಓದು ಹತ್ತುತ್ತಿಲ್ಲ, ಮಾತು ತಡವಾಗಿದೆ, ಕೂತಲ್ಲಿ ಕೂರುವುದಿಲ್ಲ, ಹೀಗೆ. ಅವರ ಕಣ್ಣು ಪಳಗುವುದು ಅಂಥ ಮಕ್ಕಳನ್ನು ನೋಡಿಯೇ.

ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಐಕ್ಯೂ, ಅಂದರೆ ಬುದ್ಧಿಮಟ್ಟದ ಪರೀಕ್ಷೆಗಳಲ್ಲಿ ಸರಾಸರಿ 100, ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಅಳತೆ) 15. 130 ಅಥವಾ ಅದಕ್ಕಿಂತ ಮೇಲೆ ಬರುವವರು ನೂರಕ್ಕೆ ಸುಮಾರು ಇಬ್ಬರು. 145 ದಾಟುವವರು ಸಾವಿರಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರು. ವರ್ಷಕ್ಕೆ 100 ಮಕ್ಕಳನ್ನು ಪರೀಕ್ಷಿಸುವ ಒಬ್ಬರು, ಯಾವ ಆಯ್ಕೆಯೂ ಇಲ್ಲದೆ ಬಂದ ಮಕ್ಕಳನ್ನೇ ನೋಡಿದರೂ, ಹತ್ತು ವರ್ಷದಲ್ಲಿ 130ರ ಮೇಲಿನವರು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಸಿಕ್ಕಾರು. 145ರ ಮೇಲಿನವರು ಒಬ್ಬರೋ ಇಬ್ಬರೋ. ಹತ್ತು ವರ್ಷದ ಅನುಭವ ಇದ್ದೂ ಆ ತುದಿಯ ಮಗು ಅವರಿಗೆ ಹೊಸದೇ. ಪದವಿಗಳ ಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಪರೀಕ್ಷೆ ಅನ್ನುವ ಉಪಕರಣ ಹುಟ್ಟಿದ್ದೂ ತೊಂದರೆ ಇರುವ ಮಕ್ಕಳಿಗಾಗಿಯೇ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಬಿನೆ ಮತ್ತು ಸಿಮೋನ್ ಅನ್ನುವ ಇಬ್ಬರು ತಮ್ಮ ಬುದ್ಧಿ ಪರೀಕ್ಷೆಯನ್ನು ಕಟ್ಟಿದ್ದು ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲು. ಪ್ರತಿಭಾನ್ವಿತ ಮಕ್ಕಳ ಅಧ್ಯಯನದಲ್ಲಿ ದೊಡ್ಡ ಹೆಸರಾದ ಲೀಟಾ ಹಾಲಿಂಗ್‌ವರ್ತ್ ಕೂಡ ನ್ಯೂಯಾರ್ಕಿನಲ್ಲಿ ವೃತ್ತಿ ಶುರು ಮಾಡಿದ್ದು ಬುದ್ಧಿ ಬೆಳವಣಿಗೆ ಕುಂಠಿತವಾದವರಿಗೆ ಬಿನೆ ಪರೀಕ್ಷೆ ಕೊಡುತ್ತಾ. 1916ರಲ್ಲಿ ತರಗತಿಯ ವಿದ್ಯಾರ್ಥಿಗಳಿಗೆ ವ್ಯತ್ಯಾಸ ತೋರಿಸೋಣ ಅಂತ ಒಂದು ಚುರುಕು ಮಗುವನ್ನು ಕರೆಸಿ ಪರೀಕ್ಷೆ ಮಾಡಿದರೆ ಅಂಕ 180 ದಾಟಿತು. ಅಲ್ಲಿಂದ ಅವರ ಕೆಲಸದ ದಿಕ್ಕೇ ಬದಲಾಯಿತು. 1939ರಲ್ಲಿ ತೀರಿಕೊಳ್ಳುವವರೆಗೆ ಹುಡುಕಿದರೂ ಅಂಥ ಮಕ್ಕಳು ಸಿಕ್ಕಿದ್ದು ಒಟ್ಟು 12. ಈ ವಿಷಯದಲ್ಲಿ ತಮಗೆ ಎಲ್ಲ ಗೊತ್ತು ಅಂತ ಧೈರ್ಯವಾಗಿ ಹೇಳುವವರನ್ನು ಕಂಡಾಗ ಈ ಹನ್ನೆರಡನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಪದವಿ ಕೊಡುವುದು ಏನನ್ನು

ಪದವಿ ಬೇಡ ಅಂತಲ್ಲ, ಅದಿಲ್ಲದೆ ಕೆಲಸವೇ ಇಲ್ಲ. ಪರೀಕ್ಷೆಗಳನ್ನು ಪ್ರಕಟಿಸುವವರು ಎ, ಬಿ, ಸಿ ಅಂತ ಅರ್ಹತೆಯ ಮಟ್ಟಗಳನ್ನು ಇಟ್ಟಿರುತ್ತಾರೆ. ಐಕ್ಯೂ ಅಳೆಯಲು ಬಹಳವಾಗಿ ಬಳಸುವ ವೆಕ್ಸ್ಲರ್ ಪರೀಕ್ಷೆಗಳು ಎಲ್ಲಕ್ಕಿಂತ ಕಟ್ಟುನಿಟ್ಟಾದ ಸಿ ಮಟ್ಟದವು. ಮನಶ್ಶಾಸ್ತ್ರದಲ್ಲಿ ಉನ್ನತ ಪದವಿ, ಮೌಲ್ಯಮಾಪನದಲ್ಲಿ ತರಬೇತಿ ಅಥವಾ ವೃತ್ತಿ ಪರವಾನಗಿ ತೋರಿಸದೆ ಪರೀಕ್ಷೆಯ ಪೆಟ್ಟಿಗೆ ಕೈಗೆ ಬರಬಾರದು. ಅಮೆರಿಕದ ಶಾಲಾ ಮನಶ್ಶಾಸ್ತ್ರಜ್ಞರ ರಾಷ್ಟ್ರೀಯ ಸಂಘ ತಜ್ಞ ಮಟ್ಟದ ತರಬೇತಿಗೆ 1,200 ಗಂಟೆಗಳ ಇಂಟರ್ನ್‌ಶಿಪ್ ಕೇಳುತ್ತದೆ, ಅದರಲ್ಲಿ ಕನಿಷ್ಠ 600 ಗಂಟೆ ಶಾಲೆಯಲ್ಲೇ. ಈ ತರಬೇತಿ ಕಲಿಸುವುದು ಪರೀಕ್ಷೆಯನ್ನು ಕೈಪಿಡಿಯಲ್ಲಿ ಇರುವ ಹಾಗೆ ಕೊಡುವುದನ್ನು. ಎಲ್ಲಿಂದ ಶುರು ಮಾಡಬೇಕು, ಯಾವಾಗ ಹಿಂದಕ್ಕೆ ಹೋಗಬೇಕು, ಎಷ್ಟು ಸೊನ್ನೆ ಸಾಲಾಗಿ ಬಂದರೆ ನಿಲ್ಲಿಸಬೇಕು, ಯಾವ ಉತ್ತರಕ್ಕೆ ‘ಇನ್ನೂ ಸ್ವಲ್ಪ ಹೇಳು’ ಅನ್ನಬಹುದು, ಯಾವುದಕ್ಕೆ ಅನ್ನಬಾರದು.

ಇಷ್ಟನ್ನೇ ಸರಿಯಾಗಿ ಮಾಡುವುದೂ ಸುಲಭವಲ್ಲ. ವಿದ್ಯಾರ್ಥಿಗಳೂ ನುರಿತವರೂ ಇಬ್ಬರೂ ತಪ್ಪು ಮಾಡುತ್ತಾರೆ, ಮಾಡುವುದು ಬಹುಮಟ್ಟಿಗೆ ಅವೇ ತಪ್ಪುಗಳು. ಕೇಳಬೇಕಾದಲ್ಲಿ ಮರುಪ್ರಶ್ನೆ ಕೇಳದಿರುವುದು, ಮಾತಿನ ಉತ್ತರಗಳಿಗೆ ಒಂದು ಅಂಕ ಹೆಚ್ಚೋ ಕಡಿಮೆಯೋ ಕೊಡುವುದು, ಕೂಡುವಾಗ ಎಡವುವುದು. ಮಗುವಿನ ವಯಸ್ಸು ಲೆಕ್ಕ ಹಾಕುವುದರಲ್ಲೇ ತಪ್ಪುವವರಿದ್ದಾರೆ. ವಯಸ್ಸನ್ನು ವರ್ಷ, ತಿಂಗಳು, ದಿನದಲ್ಲಿ ಕಳೆಯಬೇಕು, ತಿಂಗಳಿಗೆ 30 ದಿನ ಅಂತ ಹಿಡಿಯಬೇಕು, ಮೇಲಕ್ಕೆ ದುಂಡು ಮಾಡುವ ಹಾಗಿಲ್ಲ. ವೆಕ್ಸ್ಲರ್ ಮಕ್ಕಳ ಪರೀಕ್ಷೆಯಲ್ಲಿ ಸರಿ ಉತ್ತರಗಳನ್ನು ವಯಸ್ಸಿಗೆ ತಕ್ಕ ಅಂಕಕ್ಕೆ ತಿರುಗಿಸುವ ಕೋಷ್ಟಕಗಳು ವಯಸ್ಸಿನ ನಾಲ್ಕು ನಾಲ್ಕು ತಿಂಗಳಿಗೆ ಒಂದೊಂದು. 8 ವರ್ಷ 3 ತಿಂಗಳು 29 ದಿನದ ಮಗುವನ್ನು 8 ವರ್ಷ 4 ತಿಂಗಳು ಅಂತ ಬರೆದುಕೊಂಡರೆ ಪಕ್ಕದ ಕೋಷ್ಟಕಕ್ಕೆ ಹೋಗಿಬಿಡುತ್ತೀರಿ. ಅಷ್ಟೇ ಸರಿ ಉತ್ತರಗಳಿಗೆ ಬೇರೆ ಅಂಕ ಬರಬಹುದು.

ಸಂಘಗಳ ಸದಸ್ಯತ್ವದ ಬಗ್ಗೆ ಒಂದೇ ಮಾತು: ವಾರ್ಷಿಕ ಶುಲ್ಕ ಕಟ್ಟಿದವರಿಗೆಲ್ಲ ಸಿಗುವ ಸದಸ್ಯತ್ವವೂ ಇದೆ, ಪರೀಕ್ಷೆ ಪಾಸು ಮಾಡಿ ಪಡೆಯಬೇಕಾದ ಪ್ರಮಾಣಪತ್ರವೂ ಇದೆ. ಪರಿಚಯದ ಸಾಲಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಕೋಣೆಯ ಒಳಗೆ

ಪರಿಣತಿ ಎಲ್ಲಿದೆ ಅಂತ ತಿಳಿಯಬೇಕಾದರೆ ಪರೀಕ್ಷೆಯ ಕೋಣೆಗೇ ಹೋಗಬೇಕು. ಎಂಟು ವರ್ಷದ ಹುಡುಗಿ ಅಂತಿಟ್ಟುಕೊಳ್ಳಿ. ಎರಡು ವಸ್ತುಗಳು ಯಾವ ರೀತಿಯಲ್ಲಿ ಒಂದೇ ಅಂತ ಕೇಳುವ ಉಪಪರೀಕ್ಷೆ ನಡೆಯುತ್ತಿದೆ. ನಿಜವಾದ ಪ್ರಶ್ನೆಗಳನ್ನು ಹೊರಗೆ ಹೇಳುವ ಹಾಗಿಲ್ಲ, ಇದು ಇಲ್ಲಿಗಾಗಿ ಕಟ್ಟಿದ್ದು: ‘ನದಿ ಮತ್ತು ರಸ್ತೆ ಯಾವ ರೀತಿಯಲ್ಲಿ ಒಂದೇ?’ ಎರಡೂ ಉದ್ದ ಅಂದರೆ ಒಂದು ಅಂಕ, ಎರಡೂ ಸಂಚಾರದ ದಾರಿಗಳು ಅಂದರೆ ಎರಡು, ಅಂತ ಕೈಪಿಡಿಯ ಮಾದರಿ ಉತ್ತರಗಳು ಇರುತ್ತವೆ ಅಂದುಕೊಳ್ಳೋಣ. ಹುಡುಗಿ ಸ್ವಲ್ಪ ಹೊತ್ತು ಚಾವಣಿ ನೋಡಿ, ‘ಊರು ಎಲ್ಲಿ ಹುಟ್ಟಬೇಕು ಅನ್ನುವುದನ್ನು ಎರಡೂ ನಿರ್ಧರಿಸುತ್ತವೆ’ ಅನ್ನುತ್ತಾಳೆ. ಇದು ಪುಸ್ತಕದಲ್ಲಿಲ್ಲ. ಅನನುಭವಿ ಪರೀಕ್ಷಕರು ಮಾದರಿಗಳ ಪಟ್ಟಿಯಲ್ಲಿ ಬೆರಳಾಡಿಸಿ, ಹತ್ತಿರದ್ದು ಸಿಗದೆ ಸೊನ್ನೆ ಹಾಕಿ ಮುಂದಕ್ಕೆ ಹೋಗುತ್ತಾರೆ. ಪಳಗಿದವರು ಉತ್ತರವನ್ನು ಅಕ್ಷರಶಃ ಬರೆದುಕೊಳ್ಳುತ್ತಾರೆ, ಮುಖದಲ್ಲಿ ಏನೂ ತೋರಿಸದೆ ‘ಏನು ಹಾಗಂದರೆ?’ ಅಂತ ಕೇಳುತ್ತಾರೆ, ಆಮೇಲೆ ಪಟ್ಟಿಯನ್ನಲ್ಲ, ಅಂಕ ಕೊಡುವ ಸಾಮಾನ್ಯ ಸೂತ್ರವನ್ನು ನೋಡುತ್ತಾರೆ. ಮಾದರಿ ಉತ್ತರಗಳು ಮಾದರಿಗಳು ಮಾತ್ರ, ಅವೇ ಪೂರ್ತಿ ಪಟ್ಟಿಯಲ್ಲ ಅನ್ನುವುದು ತರಬೇತಿಯಲ್ಲಿ ಎಲ್ಲರೂ ಕೇಳಿದ್ದೇ. ಮಗು ಎದುರಿಗೆ ಕೂತು ಇಂಥದ್ದನ್ನು ಹೇಳಿದಾಗ ಅದು ನೆನಪಿಗೆ ಬರಬೇಕಾದರೆ ಅಂಥ ಉತ್ತರಗಳನ್ನು ಸಾಕಷ್ಟು ಕೇಳಿರಬೇಕು.

ಇಂಥ ಮಕ್ಕಳಲ್ಲಿ ಇನ್ನೊಂದು ವಿಚಿತ್ರ ಇದೆ. ಸುಲಭದ ಪ್ರಶ್ನೆಯಲ್ಲಿ ಎಡವಿ ಕಷ್ಟದ್ದನ್ನು ಸಲೀಸಾಗಿ ಮಾಡುತ್ತವೆ. ‘ಇಷ್ಟು ಸುಲಭ ಇರಲಾರದು, ಇದರಲ್ಲೇನೋ ಇದೆ’ ಅಂತ ಇಲ್ಲದ್ದನ್ನು ಹುಡುಕುತ್ತವೆ. ಖಚಿತ ಇಲ್ಲದಿದ್ದರೆ ಊಹಿಸುವ ಬದಲು ‘ಗೊತ್ತಿಲ್ಲ’ ಅಂದುಬಿಡುತ್ತವೆ. ಮೂರು ಸೊನ್ನೆ ಸಾಲಾಗಿ ಬಂದರೆ ಆ ಉಪಪರೀಕ್ಷೆ ನಿಲ್ಲಿಸಬೇಕು ಅನ್ನುವುದು ಹೆಚ್ಚಿನ ಉಪಪರೀಕ್ಷೆಗಳ ನಿಯಮ, ಮುರಿಯುವ ಹಾಗಿಲ್ಲ. ಆದರೆ ಇಡೀ ಪರೀಕ್ಷೆ ಮುಗಿದ ಮೇಲೆ ಅಲ್ಲಿಗೆ ಮರಳಿ, ಮುಂದಿನ ಕೆಲವು ಪ್ರಶ್ನೆಗಳನ್ನು ಅಂಕಕ್ಕೆ ಸೇರಿಸದೆ ಕೇಳಿ ನೋಡಬಹುದು. ಮಗು ಅವನ್ನೆಲ್ಲ ಬಿಡಿಸಿದರೆ ಅಂಕ ಬದಲಾಗುವುದಿಲ್ಲ, ಅಂಕ ಮಗುವನ್ನು ಕಡಿಮೆ ತೋರಿಸುತ್ತಿದೆ ಅನ್ನುವುದು ವರದಿಯಲ್ಲಿ ದಾಖಲಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗೋಜಲು ಹುಟ್ಟಿಸುವುದು ಸಂಕೇತ ಬರೆಯುವ ಉಪಪರೀಕ್ಷೆ. ಮೇಲೊಂದು ಕೀಲಿ, ಕೆಳಗೆ ಖಾಲಿ ಚೌಕಗಳು, ರಬ್ಬರ್ ಇಲ್ಲದ ಪೆನ್ಸಿಲ್, 120 ಸೆಕೆಂಡು. ಆದಷ್ಟು ಬೇಗ ತುಂಬಬೇಕು. ನದಿ, ರಸ್ತೆಯ ಹುಡುಗಿ ಇಲ್ಲಿ ಪ್ರತಿ ಗುರುತನ್ನೂ ಮುದ್ರಿಸಿದ ಹಾಗೆ ಬರೆಯುತ್ತಾಳೆ. ಒಂದು ಗೆರೆ ಚೌಕದಾಚೆ ಹೋದರೆ ರಬ್ಬರ್ ಹುಡುಕುತ್ತಾಳೆ. ಎರಡು ನಿಮಿಷ ಮುಗಿದಾಗ ಹಾಳೆ ಚಂದ, ಅಂಕ 8. ಉಪಪರೀಕ್ಷೆಗಳ ಸರಾಸರಿ 10, ವಿಚಲನೆ 3, ಗರಿಷ್ಠ 19. ಹೋಲಿಕೆಯ ಉಪಪರೀಕ್ಷೆಯಲ್ಲಿ ಅವಳದು 18. ಅಂದರೆ ಒಂದರಲ್ಲಿ ಸಾವಿರ ಮಕ್ಕಳಲ್ಲಿ ಮೊದಲ ನಾಲ್ಕೈದು ಜನರ ಸಾಲು, ಇನ್ನೊಂದರಲ್ಲಿ 25ನೇ ಪರ್ಸೆಂಟೈಲ್, ಅಂದರೆ ನೂರು ಮಕ್ಕಳನ್ನು ಕೆಳಗಿನಿಂದ ಎಣಿಸಿದರೆ ಸುಮಾರು 25ನೇ ಜಾಗ. ಈ ಎರಡನ್ನೂ ಒಂದೇ ಮೊತ್ತಕ್ಕೆ ಸುರಿದು ಒಂದು ಐಕ್ಯೂ ಹೇಳಿದರೆ ಅದು ಯಾವ ಮಗುವಿನ ಐಕ್ಯೂ?

ಇಲ್ಲಿ ನೋಡಬೇಕಾದ್ದು 8 ಅನ್ನುವ ಅಂಕಿಯನ್ನಲ್ಲ, 8 ಯಾಕೆ ಬಂತು ಅನ್ನುವುದನ್ನು. ಅಚ್ಚುಕಟ್ಟಿನ ಹಟ ಇರಬಹುದು. ಬೆರಳಿಗೆ ಬರವಣಿಗೆ ಒಗ್ಗದೆ ಇರಬಹುದು. ಗಮನ ಅರ್ಧದಲ್ಲಿ ಜಾರಿರಬಹುದು. ಬೇಸರವೇ ಬಂದಿರಬಹುದು. ಪಕ್ಕದಲ್ಲೇ ಇನ್ನೊಂದು ವೇಗದ ಉಪಪರೀಕ್ಷೆ ಇದೆ, ಚಿಹ್ನೆ ಹುಡುಕುವುದು. ಅದರಲ್ಲಿ ಬರೆಯುವ ಕೆಲಸ ಕಡಿಮೆ, ಒಂದು ಗೀಟು ಹಾಕಿದರೆ ಮುಗಿಯಿತು. ಅದರಲ್ಲಿ 14 ಬಂದು ಸಂಕೇತದಲ್ಲಿ 8 ಬಂದಿದ್ದರೆ ಅನುಮಾನ ಕೈಬರಹದ ಕಡೆ ಹೋಗಬೇಕು, ಯೋಚನೆಯ ವೇಗದ ಕಡೆಗಲ್ಲ. ಎರಡೂ ಕಡಿಮೆ ಇದ್ದು, ಮಗು ಮಧ್ಯೆ ಮಧ್ಯೆ ಕಿಟಕಿ ನೋಡುತ್ತಿತ್ತು ಅಂತ ಟಿಪ್ಪಣಿ ಇದ್ದರೆ ಗಮನದ ಪ್ರಶ್ನೆಯನ್ನು ಬೇರೆಯಾಗಿ ತನಿಖೆ ಮಾಡಬೇಕು. ಪೆನ್ಸಿಲ್ ಹೇಗೆ ಹಿಡಿದಿದ್ದಳು, ಪ್ರತಿ ಸಲ ಕೀಲಿ ನೋಡುತ್ತಿದ್ದಳೋ ಅಥವಾ ಜೋಡಿಗಳು ಬಾಯಿಪಾಠ ಆಗಿದ್ದವೋ, ಕೊನೆಯ 30 ಸೆಕೆಂಡಿನಲ್ಲಿ ವೇಗ ಇಳಿಯಿತೋ, ಇವೆಲ್ಲ ಉತ್ತರ ಹಾಳೆಯ ಅಂಚಿನಲ್ಲಿ ಗೀಚಿದ ಟಿಪ್ಪಣಿಗಳಲ್ಲಿ ಇರುತ್ತವೆ. ಖಾಲಿ ಅಂಚು ಇರುವ ಉತ್ತರ ಹಾಳೆಯನ್ನು ಇಟ್ಟುಕೊಂಡು ಬರೆದ ವರದಿಯನ್ನು ನಾನಂತೂ ನಂಬುವುದಿಲ್ಲ.

ಇಂಥ ಸಂದರ್ಭಕ್ಕೆಂದೇ ಸಾಮಾನ್ಯ ಸಾಮರ್ಥ್ಯ ಸೂಚ್ಯಂಕ ಅಂತ ಇನ್ನೊಂದು ಮೊತ್ತ ಇದೆ. ವೆಕ್ಸ್ಲರ್ ಮಕ್ಕಳ ಪರೀಕ್ಷೆಯ 2014ರ ಐದನೇ ಆವೃತ್ತಿಯಲ್ಲಿ ಪೂರ್ಣ ಐಕ್ಯೂ ಏಳು ಉಪಪರೀಕ್ಷೆಗಳಿಂದ ಬರುತ್ತದೆ: ಹೋಲಿಕೆ, ಪದಸಂಪತ್ತು, ಬ್ಲಾಕ್ ಜೋಡಣೆ, ಚಿತ್ರಸರಣಿ, ತಕ್ಕಡಿ, ಅಂಕಿ ನೆನಪು, ಸಂಕೇತ. ಕೊನೆಯ ಎರಡನ್ನು ಬಿಟ್ಟು ಉಳಿದ ಐದರಿಂದ ಸಾಮಾನ್ಯ ಸಾಮರ್ಥ್ಯ ಸೂಚ್ಯಂಕ ಸಿಗುತ್ತದೆ. ಅದನ್ನು ಯಾವಾಗ ಬಳಸಬೇಕು ಅಂತ ಗೊತ್ತಿರುವುದು ತಜ್ಞತೆ. ಪ್ರತಿ ಮಗುವಿಗೂ ಯಾವುದು ಹೆಚ್ಚು ಬಂತೋ ಅದನ್ನೇ ದಪ್ಪಕ್ಷರದಲ್ಲಿ ಹಾಕುವುದು ವ್ಯಾಪಾರ.

ಚಾವಣಿ

ಪರೀಕ್ಷೆಯ ಕೊನೆಯ ಪ್ರಶ್ನೆಗೂ ಮಗು ಸರಿಯುತ್ತರ ಕೊಟ್ಟಿತು, ನಿಲ್ಲಿಸುವ ನಿಯಮಕ್ಕೆ ಕೆಲಸವೇ ಬರಲಿಲ್ಲ ಅಂದರೆ ಆ ಮಗು ಎಷ್ಟು ಎತ್ತರ ಇದೆ ಅಂತ ನಮಗೆ ಗೊತ್ತಾಗಿಲ್ಲ. ತಲೆ ಚಾವಣಿಗೆ ತಾಗಿತು ಅನ್ನುವುದಷ್ಟೇ ಗೊತ್ತಾಯಿತು. 19ಕ್ಕೆ ಏದುಸಿರು ಬಿಡುತ್ತಾ ತಲುಪಿದವನೂ 19, ಅದರಾಚೆ ಬಲು ದೂರ ಹೋಗಬಲ್ಲವಳೂ 19. ಇದಕ್ಕಾಗಿ ಪ್ರಕಾಶಕರು ವಿಸ್ತರಿತ ಕೋಷ್ಟಕಗಳನ್ನು ಹೊರತಂದಿದ್ದಾರೆ, ಅವು ಸಾಮಾನ್ಯ ಕೋಷ್ಟಕದಲ್ಲಿ ಐಕ್ಯೂಗೆ ಇರುವ 160ರ ಮಿತಿಯನ್ನು ದಾಟುತ್ತವೆ. ಎರಡು ಮೂರು ಉಪಪರೀಕ್ಷೆಗಳಲ್ಲಿ 18, 19 ಬಂದ ಮಗುವಿನ ವರದಿಯಲ್ಲಿ ಈ ಕೋಷ್ಟಕದ ಮಾತೇ ಇಲ್ಲದಿದ್ದರೆ ಕೇಳಿ ನೋಡಬೇಕು. ‘ಹಾಗೊಂದು ಇದೆಯಾ?’ ಅಂತ ತಜ್ಞರೇ ವಾಪಸ್ ಕೇಳಿದರೆ ಅನುಭವದ 15 ವರ್ಷ ಎಲ್ಲಿ ಕಳೆಯಿತು ಅಂತ ತಿಳಿಯುತ್ತದೆ.

ಪರೀಕ್ಷೆ ಆರಿಸುವಾಗಲೇ ಚಾವಣಿಯ ಯೋಚನೆ ಇರಬೇಕು. ವೆಕ್ಸ್ಲರ್‌ನ ಚಿಕ್ಕ ಮಕ್ಕಳ ಪರೀಕ್ಷೆಯ ನಾಲ್ಕನೇ ಆವೃತ್ತಿ 2 ವರ್ಷ 6 ತಿಂಗಳಿಂದ 7 ವರ್ಷ 7 ತಿಂಗಳವರೆಗೆ. ದೊಡ್ಡ ಮಕ್ಕಳದ್ದು 6ರಿಂದ 16 ವರ್ಷ 11 ತಿಂಗಳವರೆಗೆ. ಆರೂವರೆ ವರ್ಷದ ಮಗುವಿಗೆ ಯಾವುದನ್ನಾದರೂ ಕೊಡಬಹುದು. ಮಗು ಹಿಂದಿದೆ ಅನ್ನುವ ಅನುಮಾನ ಇದ್ದರೆ ಮೊದಲನೆಯದು, ಅದರಲ್ಲಿ ಸುಲಭದ ಪ್ರಶ್ನೆಗಳು ಹೆಚ್ಚು. ಮುಂದಿದೆ ಅಂದರೆ ಎರಡನೆಯದು, ಮೇಲೆ ಜಾಗ ಹೆಚ್ಚು. ಅಭ್ಯಾಸಬಲದಿಂದ ಎಲ್ಲ ಆರು ವರ್ಷದವರಿಗೂ ಚಿಕ್ಕ ಮಕ್ಕಳ ಪೆಟ್ಟಿಗೆಯನ್ನೇ ತೆಗೆಯುವವರು ಚಾವಣಿಯನ್ನು ತಾವೇ ಕೆಳಗಿಳಿಸಿಕೊಂಡ ಹಾಗೆ. ಐದರ ಕೆಳಗಿನ ಮಕ್ಕಳ ಅಂಕಕ್ಕೆ ಅಷ್ಟೊಂದು ತೂಕ ಕೊಡಬಾರದು, ಎರಡು ವರ್ಷದಲ್ಲಿ ಅದು ಎತ್ತಲೂ ಹೋಗಬಹುದು.

ಶಾಲೆಯ ವಿಷಯಗಳಲ್ಲಿ ಚಾವಣಿ ಎತ್ತರಿಸುವ ಉಪಾಯವನ್ನು ಮನಶ್ಶಾಸ್ತ್ರಜ್ಞ ಜೂಲಿಯನ್ ಸ್ಟಾನ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ತೋರಿಸಿಕೊಟ್ಟರು. ಅವರ ಗಣಿತ ಪ್ರತಿಭೆಯ ಅಧ್ಯಯನ ಶುರುವಾದದ್ದು 1971ರಲ್ಲಿ. 12, 13 ವರ್ಷದ ಮಕ್ಕಳಿಗೆ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆ ಕೊಡಿಸುವುದು. ತಮ್ಮ ತರಗತಿಯ ಪರೀಕ್ಷೆಯಲ್ಲಿ ಎಲ್ಲರೂ ತುದಿಯಲ್ಲೇ ಗುಂಪುಗೂಡಿದ್ದ ಮಕ್ಕಳು ಇದರಲ್ಲಿ ಉದ್ದಕ್ಕೂ ಹರಡಿಕೊಂಡರು, ಯಾರು ಒಂದು ವರ್ಷ ಮುಂದಿದ್ದಾರೆ, ಯಾರು ನಾಲ್ಕು ವರ್ಷ ಮುಂದಿದ್ದಾರೆ ಅಂತ ಬೇರೆಯಾಯಿತು. ಐಕ್ಯೂ ಜತೆ ಇಂಥ ಮೇಲ್ಮಟ್ಟದ ಪರೀಕ್ಷೆಯನ್ನೂ ಕೊಡದೆ ‘ಗಣಿತದಲ್ಲಿ ಯಾವ ಪುಸ್ತಕ ಕೊಡಬೇಕು’ ಅನ್ನುವ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ.

ಹಳೆಯ ಕೋಷ್ಟಕದ ಮೋಸವೂ ಒಂದಿದೆ. ಇಡೀ ಸಮಾಜದ ಅಂಕ ದಶಕಕ್ಕೆ ಸುಮಾರು 3ರಂತೆ ಏರುತ್ತಾ ಬಂದದ್ದರಿಂದ 20 ವರ್ಷ ಹಳೆಯ ಮಾನಕದಲ್ಲಿ ಅಳೆದರೆ ಆರು ಅಂಕ ಪುಕ್ಕಟೆ. ಬಿನೆ ಪರೀಕ್ಷೆಯ ಅಮೆರಿಕದ ರೂಪವಾದ ಸ್ಟಾನ್‌ಫರ್ಡ್ ಬಿನೆಯ ಹಳೆಯ ಆವೃತ್ತಿಗಳಲ್ಲಿ ಮಾನಸಿಕ ವಯಸ್ಸನ್ನು (ಮಗುವಿನ ಉತ್ತರಗಳು ಯಾವ ವಯಸ್ಸಿನವರ ಮಟ್ಟದವೋ ಅದನ್ನು) ನಿಜವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ 180, 200 ಅಂತೆಲ್ಲ ಬರುತ್ತಿತ್ತು. ಈಗಿನ ಅಂಕಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಹಾಲಿಂಗ್‌ವರ್ತ್ ಅವರ 180ನ್ನೂ ಹಾಗೇ ಓದಬೇಕು.

ಗೆರೆಯ ಈಚೆ, ಆಚೆ

ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಪ್ರತಿಭಾನ್ವಿತ ಮಕ್ಕಳ ಅಧ್ಯಯನಕ್ಕೆ 1,500ಕ್ಕೂ ಹೆಚ್ಚು ಮಕ್ಕಳನ್ನು ಆರಿಸಿಕೊಂಡರು. ಪರೀಕ್ಷೆಗೆ ಕೂತು ಆಯ್ಕೆಗೆ ಬೇಕಾದ ಅಂಕದ ಗೆರೆ ಮುಟ್ಟದೆ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಇದ್ದರು. ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇದನ್ನು ಹೇಳಿ ಐಕ್ಯೂ ಪರೀಕ್ಷೆಯೇ ದಂಡ ಅನ್ನುವವರಿದ್ದಾರೆ, ಅದು ಅತಿಯಾಯಿತು. ಕಲಿಯಬೇಕಾದದ್ದು ಗೆರೆಯ ಬಗ್ಗೆ. ಪೂರ್ಣ ಐಕ್ಯೂಗೆ 95 ಪ್ರತಿಶತ ವಿಶ್ವಾಸದ ಅಂತರ, ಅಂದರೆ ನಿಜವಾದ ಅಂಕ ಇರಬಹುದಾದ ವ್ಯಾಪ್ತಿ, ಹೆಚ್ಚುಕಡಿಮೆ ಆರು ಅಂಕ ಮೇಲೆ, ಆರು ಅಂಕ ಕೆಳಗೆ. 130ಕ್ಕೆ ಗೆರೆ ಎಳೆದು, 128 ಬಂದ ಮಗು ಪ್ರತಿಭಾನ್ವಿತ ‘ಅಲ್ಲ’, 131 ಬಂದದ್ದು ‘ಹೌದು’ ಅಂತ ಬರೆಯುವವರು ತಮ್ಮ ಅಳತೆಗೋಲಿನ ದಪ್ಪವನ್ನೇ ಮರೆತವರು.

ಅಳತೆಯೇ ಕೆಡುವ ಸಂದರ್ಭಗಳೂ ಇವೆ. ಮಗುವಿನ ಮನೆಮಾತು ಒಂದು, ಪರೀಕ್ಷೆಯ ಭಾಷೆ ಇನ್ನೊಂದು ಆಗಿದ್ದರೆ ಪದಸಂಪತ್ತಿನ ಅಂಕ ಬುದ್ಧಿಯನ್ನಲ್ಲ, ಆ ಭಾಷೆಯ ಒಡನಾಟವನ್ನು ಅಳೆಯುತ್ತದೆ. ಹಾಗಂತ ಪ್ರಶ್ನೆಯನ್ನು ಅಲ್ಲೇ ಬಾಯಲ್ಲಿ ಅನುವಾದಿಸಿ ಕೇಳಿದರೆ ಕೋಷ್ಟಕಕ್ಕೆ ಅರ್ಥ ಉಳಿಯುವುದಿಲ್ಲ, ಕಷ್ಟದ ಪದ ಅನುವಾದದಲ್ಲಿ ಸುಲಭವಾಗಿಬಿಡಬಹುದು. ರೇವನ್ಸ್‌ನಂಥ ಮಾತಿಲ್ಲದ ಪರೀಕ್ಷೆ ನೆರವಿಗೆ ಬರುತ್ತದೆ, ಆದರೆ ಅದು ಚಿತ್ರಗಳಲ್ಲಿ ನಿಯಮ ಹುಡುಕುವ ಶಕ್ತಿಯೊಂದನ್ನೇ ನೋಡುತ್ತದೆ. ಆರು ತಿಂಗಳ ಹಿಂದೆ ಅದೇ ಪರೀಕ್ಷೆ ಬರೆದಿದ್ದ ಮಗುವಿಗೆ ಮತ್ತೆ ಅದನ್ನೇ ಕೊಟ್ಟರೆ ರೂಢಿಯಿಂದ ಅಂಕ ಏರುತ್ತದೆ, ಒಂದು ವರ್ಷವಾದರೂ ಬಿಡಬೇಕು, ಇಲ್ಲವೇ ಬೇರೆ ಪರೀಕ್ಷೆ ಬಳಸಬೇಕು. ಮೊದಲ ಫೋನಿನಲ್ಲೇ ‘ಹಿಂದೆ ಎಲ್ಲಾದರೂ ಪರೀಕ್ಷೆ ಆಗಿದೆಯಾ?’ ಅಂತ ಕೇಳದವರ ಹತ್ತಿರ ಹೋಗುವುದು ಬೇಡ. ಪರೀಕ್ಷೆಯೂ ಅವರದೇ, ಆಮೇಲಿನ ದುಬಾರಿ ತರಬೇತಿಯೂ ಅವರದೇ ಆಗಿರುವ ಕಡೆ ಅಂಕ ಕಡಿಮೆ ಬಂದ ಮಕ್ಕಳು ಎಷ್ಟು ಜನ ಅಂತಲೂ ಕೇಳಿಬಿಡಬಹುದು.

ವರದಿಯ ಕೊನೆಯ ಪುಟಗಳಲ್ಲಿ ತಜ್ಞರ ಹಿನ್ನೆಲೆ ಚೆನ್ನಾಗಿ ಹೊರಬೀಳುತ್ತದೆ. ಶಾಲೆಗಳನ್ನು ಒಳಗಿನಿಂದ ಬಲ್ಲವರು ‘ಮಗುವಿಗೆ ಹೆಚ್ಚಿನ ಸವಾಲು ಕೊಡಿ’ ಅಂತ ಬರೆದು ಕೈತೊಳೆದುಕೊಳ್ಳುವುದಿಲ್ಲ. ಒಂದು ತರಗತಿ ದಾಟಿಸುವ ಮಾತು ಬಂದರೆ ಅಯೋವಾ ಆಕ್ಸಲರೇಷನ್ ಸ್ಕೇಲ್‌ನಂಥ ಸಾಧನವನ್ನು ಮುಂದಿಟ್ಟುಕೊಂಡು ಶಿಕ್ಷಕರ ಜತೆ ಕೂರುತ್ತಾರೆ. ಅದರಲ್ಲಿ ಅಂಕಗಳಷ್ಟೇ ಇಲ್ಲ. ಅಣ್ಣನೋ ಅಕ್ಕನೋ ಈಗ ಓದುತ್ತಿರುವ ತರಗತಿಗೇ ಮಗು ಹೋಗುವಂತಾದರೆ ದಾಟಿಸಬೇಡಿ, ಮಗುವಿಗೇ ಇಷ್ಟವಿಲ್ಲದಿದ್ದರೆ ದಾಟಿಸಬೇಡಿ ಅನ್ನುತ್ತದೆ ಅದು. ಇನ್ನೊಂದು, ವರದಿಯಲ್ಲಿ ಪ್ರತಿ ಉಪಪರೀಕ್ಷೆಯ ಅಂಕವೂ ಪರೀಕ್ಷೆಯ ಆವೃತ್ತಿಯೂ ತಾರೀಖೂ ಇರಲೇಬೇಕು. ‘ಐಕ್ಯೂ 139, ಅತ್ಯುನ್ನತ ಶ್ರೇಣಿ’ ಅಂತ ಒಂದು ಸಾಲು ಬರೆದು ಮೊಹರು ಒತ್ತಿದ ಕಾಗದ ಕೈಗೆ ಬಂದರೆ ಪೂರ್ತಿ ವರದಿ ಸಿಗುವವರೆಗೆ ಅಲ್ಲಿಂದ ಏಳಬೇಡಿ, ಮೂರು ವರ್ಷದ ಮೇಲೆ ಮಗುವನ್ನು ನೋಡುವ ಇನ್ನೊಬ್ಬ ತಜ್ಞರಿಗೆ ಅದರಿಂದ ಏನೂ ಮಾಡಲು ಬರುವುದಿಲ್ಲ.